ಪಕ್ಕೆಗೆ ಎರಡು ತಟ್ಟು

ಅರ್ಧ ಕೋಣೆ ಒರೆಸಿ ಆಗಿತ್ತು. ಇನ್ನರ್ಧದಲ್ಲಿ ನಾಯಿ ಮಲಗಿತ್ತು. ಅದನ್ನು ಎಬ್ಬಿಸುವುದೋ, ಸುತ್ತ ಒರೆಸಿ ಮುಗಿಸುವುದೋ ಎಂದು ಅವಳು ಒದ್ದೆ ಬಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಗ ಫೋನ್ ಬಡಿದುಕೊಂಡಿತು.

ಪ್ರಾಣಿಗಳ ಆಶ್ರಯದಿಂದ. ಅಲ್ಲಿಯ ಮೇಲ್ವಿಚಾರಕಿಯದು ಸದಾ ಓಡುತ್ತಿರುವವರ ದನಿ. ಅದರ ಹಿಂದೆ ಹತ್ತಾರು ನಾಯಿಗಳ ಬೊಗಳಾಟ. ನಾಯಿಯನ್ನು ಸಾಕಿಕೊಳ್ಳಲು ಹಲ್ಲಿನ ಡಾಕ್ಟರು ಒಪ್ಪಿದ್ದಾರೆ ಎಂದಳು. ಅವರ ಅಕ್ಕನೂ ಒಪ್ಪಿದ್ದಾರೆ. ಮುಂದಿನ ವಾರ ಎಂದಿದ್ದವರು ಈಗ ಇವತ್ತೇ ಆಗಲಿ ಎನ್ನುತ್ತಿದ್ದಾರೆ. ಸಂಜೆ ಕರೆದುಕೊಂಡು ಹೋಗಿ ಬಿಟ್ಟುಬರಲು ಆಗುತ್ತದೆಯೇ?

ಆಗುತ್ತದೆ ಎಂದಳು. ಇಷ್ಟು ಬೇಗ ಹೇಳಿಬಿಟ್ಟೆನಲ್ಲ ಎಂದು ಅನ್ನಿಸಿದ್ದು ಹೇಳಿದ ಮೇಲೆ.

"ಒಂದು ಮಾತು," ಎಂದಳು ಮೇಲ್ವಿಚಾರಕಿ. "ಇಷ್ಟು ದಿನ ನೋಡ್ಕೊಂಡೋರು ನೀವು. ನಿಮಗೇ ಬೇಕು ಅನ್ನಿಸಿದ್ರೆ ಮೊದಲ ಹಕ್ಕು ನಿಮ್ಮದೇ. ಅವರ ಮನೇಲಿ ಬಿಟ್ಟು ಹೊರಗೆ ಬರೋ ತನಕ ಯಾವಾಗ ಬೇಕಾದ್ರೂ ಹೇಳಿ. ಅವರಿಗೆ ನಾನು ಹೇಳ್ಕೋತೀನಿ."

"ಸರಿ."

"ಸರಿ ಅಂದ್ರೆ?"

"ಸರಿ, ಗೊತ್ತಾಯ್ತು."

ಫೋನ್ ಇಟ್ಟು ತಿರುಗಿದಾಗ ಮಗಳು ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಶಾಲೆಗೆ ರಜೆ ಇತ್ತು. ತಲೆ ಬಾಚಿರಲಿಲ್ಲ. ಬಾಯಿ ತೆರೆದಳು, ಏನನ್ನೋ ಹೇಳುವವಳಂತೆ, ಮತ್ತೆ ಮುಚ್ಚಿದಳು.

"ಏನು ಕಂದ?"

"ಏನಿಲ್ಲ."

ಅವಳು ಒದ್ದೆ ಬಟ್ಟೆ ಬದಿಗಿಟ್ಟು ನಾಯಿಯ ಹತ್ತಿರ ಸರಿದು ಬಾಗಿ ಅದರ ಮೂಗಿನ ಮುಂದೆ ಮೆಲ್ಲಗೆ ಊದಿದಳು. ಎಬ್ಬಿಸುವುದು ಹೀಗೆ. ಥಟ್ಟನೆ ಮುಟ್ಟಿದರೆ ಬೆಚ್ಚಿ ಬೀಳುತ್ತದೆ. ಹುಟ್ಟಿನಿಂದಲೇ ಅದಕ್ಕೆ ಕಣ್ಣೂ ಕಾಣದು, ಕಿವಿಯೂ ಕೇಳದು. ಚೆಂದದ ಬಣ್ಣ ಬರಲಿ ಎಂದು ಎರಡು ಚುಕ್ಕೆನಾಯಿಗಳನ್ನು ಕೂಡಿಸಿದರೆ ಕೆಲವು ಮರಿಗಳು ಹೀಗೆ ಅಚ್ಚ ಬಿಳಿಯಾಗಿ, ಏನೂ ಕಾಣದೆ ಏನೂ ಕೇಳದೆ ಹುಟ್ಟುತ್ತವಂತೆ. ಮರಿ ಸಾಕಿ ಮಾರುವವನೊಬ್ಬನ ಶೆಡ್ಡಿನಿಂದ ಆಶ್ರಯದವರು ತಂದದ್ದು. ಒಳ್ಳೆಯ ಮನೆ ಸಿಗುವವರೆಗೆ ತಾತ್ಕಾಲಿಕವಾಗಿ ನೋಡಿಕೊಳ್ಳುವಿರಾ ಎಂದು ಕೇಳಿದಾಗ ಹೂಂ ಎಂದಿದ್ದಳು. ಅದಾಗಿ ವರ್ಷದ ಮೇಲಾಯಿತು. ತಾತ್ಕಾಲಿಕ ಎಂಬ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಕೇಳದ ನಾಯಿಗೆ ಹೆಸರು ಯಾಕೆ ಎಂದು ಗಂಡ ನಕ್ಕಿದ್ದ. ಮಗಳು ಬಿಡಲಿಲ್ಲ, ಸುಣ್ಣ ಎಂದು ಇಟ್ಟಳು. ಆ ಹೆಸರು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅದೊಂದಕ್ಕೆ ಬಿಟ್ಟು.

ಸುಣ್ಣ ಎದ್ದು ಮೈ ಮುರಿದು, ಒರೆಸಿದ ನೆಲವನ್ನು ಮೂಸುತ್ತ ಕುರ್ಚಿ, ಮೇಜು, ಬೀರು ಎಲ್ಲವನ್ನೂ ಕೂದಲೆಳೆ ಅಂತರದಲ್ಲಿ ಬಳಸಿಕೊಂಡು ಅಡುಗೆಮನೆಗೆ ಹೋಯಿತು. ಬರೀ ನೀರಲ್ಲಿ ಒರೆಸುತ್ತಿದ್ದಳು. ಫಿನಾಯಿಲಿನಲ್ಲಿ ಒರೆಸಿದರೆ ಅದಕ್ಕೆ ಮನೆಯನ್ನೇ ಅಳಿಸಿಹಾಕಿದ ಹಾಗೆ. ಕುರ್ಚಿಗಳನ್ನೂ ಸರಿಸುವಂತಿರಲಿಲ್ಲ. ಇಡೀ ಮನೆ ವರ್ಷದಿಂದ ಇಟ್ಟಲ್ಲೇ ಇತ್ತು.

ಉಳಿದರ್ಧವನ್ನು ಒರೆಸುವುದು ಅವಳಿಗೆ ಮರೆತೇಹೋಯಿತು.

ಗಂಡ ತಿಂಡಿ ತಿನ್ನುತ್ತಿದ್ದ. ಅವನು ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಕಚೇರಿಯಲ್ಲಿದ್ದ. ಬಾಟಲಿಗಳಲ್ಲಿ ಬಂದ ನೀರು ಯಾವ ಊರಿನದು, ಯಾವ ಬಾವಿಯದು ಎಂದು ಅವನಿಗೆ ಗೊತ್ತಾಗಬೇಕಾಗಿರಲಿಲ್ಲ. ಕುಡಿಯಬಹುದು, ಕುಡಿಯಬಾರದು, ಅಷ್ಟೇ. ಮನೆಯಲ್ಲೂ ಅಷ್ಟೇ ಮಾತಲ್ಲಿ ಮುಗಿಸುವ ಮನುಷ್ಯ. ಒರಟನಲ್ಲ. ಯಾವತ್ತೂ ದನಿ ಎತ್ತಿದವನಲ್ಲ.

"ಇವತ್ತಂತೆ," ಎಂದಳು.

"ಏನು?"

"ಸುಣ್ಣ."

"ಓ." ಅವನು ತಟ್ಟೆಯಲ್ಲಿ ಉಳಿದಿದ್ದ ತುಂಡನ್ನು ಎರಡು ಮಾಡಿದ. "ಒಳ್ಳೆಯವರಾ?"

"ಹಲ್ಲಿನ ಡಾಕ್ಟರು."

"ಹಲ್ಲಿನ ಡಾಕ್ಟ್ರೆಲ್ಲಾ ಒಳ್ಳೆಯವರೇ ಅಂತ ಇದ್ಯಾ?"

ಅದು ತಮಾಷೆ ಎಂದು ಅವಳಿಗೆ ಗೊತ್ತಾಯಿತು. ನಗಲು ತಡವಾಯಿತು. ಮೊದಲ ಹಕ್ಕಿನ ವಿಷಯ ಹೇಳಿದಳು. ಅವನು ಕೈ ತೊಳೆಯಲು ಎದ್ದ.

"ನೀವೇನಂತೀರಿ?"

"ನಾನೇನನ್ಲಿ. ದಿನಪೂರ್ತಿ ನೋಡ್ಕೊಳ್ಳೋಳು ನೀನು. ನಿನಗೆ ಹೇಗೆ ಅನ್ನಿಸುತ್ತೋ ಹಾಗೆ."

"ನಂದೇನಿಲ್ಲ."

"ಹಾಗಾದ್ರೆ ಆಯ್ತಲ್ಲ."

ಎದುರುಬದುರು ಬಂದ ಇಬ್ಬರು ನೀವು ಮೊದಲು ನೀವು ಮೊದಲು ಎನ್ನುತ್ತ ಬಾಗಿಲಲ್ಲೇ ನಿಂತುಬಿಟ್ಟ ಹಾಗೆ ಇತ್ತು. ಅಷ್ಟರಲ್ಲಿ ಬಾಗಿಲನ್ನೇ ಯಾರೋ ಎಳೆದುಕೊಂಡಿದ್ದರು.

ಅವನು ಬೂಟು ಹಾಕಿಕೊಂಡು, ಬಾಗಿ, ಸುಣ್ಣನ ಪಕ್ಕೆಯ ಮೇಲೆ ಎರಡು ಸಲ ಮೆತ್ತಗೆ ತಟ್ಟಿದ. ಹೋಗಿ ಬರ್ತೀನಿ ಎಂದು ಅರ್ಥ. ಗದ್ದದ ಕೆಳಗೆ ಬೆರಳಿಟ್ಟರೆ ಊಟ, ಕತ್ತಿನಿಂದ ಬಾಲದವರೆಗೆ ಸವರಿದರೆ ವಾಕಿಂಗು, ಹಣೆಯ ಮೇಲೆ ಅಂಗೈ ಇಟ್ಟರೆ ನಿಲ್ಲು, ಸಾಕು. ಹೀಗೆ ಒಂದೊಂದನ್ನೇ ಅವಳು ಕಲಿಸಿದ್ದಳು. ಈ ತಟ್ಟುವುದನ್ನು ಕಲಿಸು ಎಂದು ಆಶ್ರಯದವರು ಹೇಳಿರಲಿಲ್ಲ. ಅದು ಅವಳದೇ. ಹೇಳದೆ ಕೇಳದೆ ಎದ್ದುಹೋಗುವುದು ಸರಿಯಲ್ಲ ಎನ್ನಿಸಿತ್ತು, ನಾಯಿಯ ಜೊತೆಗಾದರೂ.

ಅದು ತಪ್ಪಾಯಿತು ಎಂದು ಆಮೇಲೆ ಗೊತ್ತಾದದ್ದು. ಒಮ್ಮೆ ಎಲ್ಲರೂ ಎರಡು ದಿನ ಬೇರೆ ಊರಿಗೆ ಹೋಗಬೇಕಾಗಿ ಬಂತು. ಮೂವರೂ ಒಬ್ಬರಾದ ಮೇಲೊಬ್ಬರು ತಟ್ಟಿ ಹೊರಟರು. ಪಕ್ಕದ ಮನೆಯಾಕೆಗೆ ಕೀಲಿ ಕೊಟ್ಟಿದ್ದರು. ಬಂದು ನೋಡಿದರೆ ಸುಣ್ಣ ಬಾಗಿಲಿಗೆ ಮೂಗು ಹಚ್ಚಿ ಬಿದ್ದುಕೊಂಡಿತ್ತು. ತಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಒಣಗಿತ್ತು. ಬರ್ತೀವಿ ಎಂದವರು ಬರುವ ತನಕ ಅದು ಏನನ್ನೂ ಮುಟ್ಟುವುದಿಲ್ಲ. ಅದರ ಮಟ್ಟಿಗೆ ಅದು ಕೊಟ್ಟ ಮಾತು.

ಬಾಗಿಲು ಎಳೆದ ಸದ್ದಾಯಿತು. ಸುಣ್ಣ ಈ ಮನೆಗೆ ಬರುವ ಮೊದಲು ಗಂಡ ಅಡುಗೆಮನೆಯ ಕಡೆ ತಿರುಗಿ, ಬರ್ತೀನಿ ಕಣೇ, ಎನ್ನುತ್ತಿದ್ದ. ಅದು ಯಾವಾಗ ನಿಂತಿತೋ. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಬೇಸರ ಇರಬೇಕಾಗಿತ್ತೇ ಎಂಬ ಅನುಮಾನವಷ್ಟೇ ಇತ್ತು.

ಅವಳು ಮನೆಯಲ್ಲೇ ಕೂತು ಮಾಡುವ ಕೆಲಸವೆಂದರೆ ಶಾಲೆಯ ಪುಸ್ತಕಗಳಿಗೆ ಪ್ರಶ್ನೆ ಬರೆಯುವುದು. ಪಾಠಗಳನ್ನು ಬೇರೆ ಯಾರೋ ಬರೆಯುತ್ತಿದ್ದರು. ಪಾಠದ ಕೊನೆಗೆ ಬರುವ ಅಭ್ಯಾಸ ಅವಳದು. ಒಂದು ನಿಯಮವಿತ್ತು: ಉತ್ತರ ಪಾಠದಲ್ಲೇ ಸಿಗಬೇಕು. ಸಿಗದಂಥ ಪ್ರಶ್ನೆ ಬರೆದರೆ ಸಂಪಾದಕರು ಪಕ್ಕದಲ್ಲಿ ಒಂದು ಗೀಟು ಎಳೆದು ವಾಪಸು ಕಳಿಸುತ್ತಿದ್ದರು. ಅವರು ಹಾಗೆ ವಾಪಸು ಕಳಿಸುವುದು ನಿಂತು ಈಗ ಬಹಳ ಕಾಲವಾಗಿತ್ತು.

ಮಣ್ಣಿನ ಪಾಠ ಮುಂದಿತ್ತು. ಮಣ್ಣಿನ ಪದರಗಳನ್ನು ಹೆಸರಿಸಿ. ಮೇಲ್ಪದರ ಕೊಚ್ಚಿಹೋಗಲು ಕಾರಣಗಳೇನು? ಎರಡು ಬರೆದು ಕಿಟಕಿಯ ಕಡೆ ನೋಡಿದಳು. ಮಗಳು ನೆಲದ ಮೇಲೆ ಸುಣ್ಣನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಒಂದೇ ಹಸಿರನ್ನು ಬಹಳ ಹೊತ್ತಿನಿಂದ ಒಂದೇ ಕಡೆ ತಿಕ್ಕುತ್ತಿದ್ದಳು. ಕಾಗದ ಹರಿಯುತ್ತದೆ ಎಂದು ಹೇಳಬೇಕೆನ್ನಿಸಿತು.

"ಅಮ್ಮಾ."

"ಹೂಂ."

ಮಗಳು ಬಣ್ಣದ ಕಡ್ಡಿಯ ತುದಿಯನ್ನು ನೋಡಿದಳು. "ಅವರ ಮನೆ ದೂರಾನಾ?"

"ಬಸ್ಸಲ್ಲಿ ಸ್ವಲ್ಪ ಹೊತ್ತು."

"ಹೂಂ."

ಕೇಳಬೇಕಾಗಿದ್ದದ್ದು ಅದಲ್ಲ. ಅವಳಿಗೆ ಗೊತ್ತಿತ್ತು. ನಾವೇ ಯಾಕೆ ಇಟ್ಕೋಬಾರದು, ಎಂದು ಮಗಳು ಕೇಳುತ್ತಾಳೆ. ಇವತ್ತು ಯಾವುದೋ ಒಂದು ಹೊತ್ತಿನಲ್ಲಿ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಉತ್ತರವನ್ನು ಅವಳು ಮನಸ್ಸಿನಲ್ಲೇ ಬರೆಯತೊಡಗಿದಳು. ಅಲ್ಲಿ ದೊಡ್ಡ ಅಂಗಳ ಇದೆ ಕಂದ. ಇಬ್ಬರು ಮನೆಯಲ್ಲೇ ಇರ್ತಾರೆ. ನಾವು ಇವನನ್ನು ನೋಡಿಕೊಂಡದ್ದೇ ಒಳ್ಳೆಯ ಮನೆ ಸಿಗಲಿ ಅಂತ. ಈಗ ಇವನು ಹೋದರೆ ಆಶ್ರಯದಿಂದ ಇನ್ನೊಂದು ಪಾಪದ ನಾಯಿಗೆ ಜಾಗ ಆಗುತ್ತೆ. ಓದಿ ನೋಡಿಕೊಂಡಳು. ತಿದ್ದುವುದೇನೂ ಇರಲಿಲ್ಲ. ಸುಳ್ಳು ಎನ್ನುವಂಥದ್ದೂ ಒಂದೂ ಇರಲಿಲ್ಲ. ಪೂರ್ತಿ ಅಂಕ ಕೊಡಬಹುದಾದ ಉತ್ತರ.

ಮಧ್ಯಾಹ್ನ ಸುಣ್ಣನ ಮೈ ಬಾಚಲು ಕೂತಳು. ಹೊಸಬರ ಮನೆಗೆ ಹೋಗುವವನು ಚೊಕ್ಕಟವಾಗಿ ಹೋಗಲಿ. ಬಾಚಣಿಗೆಯಲ್ಲಿ ಬಿಳಿ ಕೂದಲು ಉಂಡೆಯಾಗಿ ಬರುತ್ತಿತ್ತು. ಅವಳ ಕೈಗಳು ಹೇಳಿಸಿಕೊಳ್ಳದೆ ಕೆಲಸ ಮಾಡುತ್ತಿದ್ದವು: ಕಿವಿಯ ಹಿಂದೆ ಮೆತ್ತಗೆ, ಸೊಂಟದ ಹತ್ತಿರ ಇನ್ನೂ ಮೆತ್ತಗೆ, ಕಾಲಿನ ಸಂದಿಯಲ್ಲಿ ಗಂಟು ಸಿಕ್ಕಿದರೆ ಎಳೆಯದೆ ಬಿಡಿಸುವುದು. ನೋಡಿದವರು ಎಷ್ಟು ಪ್ರೀತಿ ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಒಮ್ಮೆ ಹೇಳಿಯೂ ಇದ್ದಳು, ನಿಮ್ಮಷ್ಟು ತಾಳ್ಮೆ ನನಗಿದ್ದಿದ್ದರೆ ನನ್ನ ಗಂಡ ಇನ್ನೂ ಕೆಟ್ಟುಹೋಗಿರೋನು ಎಂದು.

ಬೇಕೋ ಬೇಡವೋ ಎಂದು ತನ್ನನ್ನೇ ಕೇಳಿಕೊಂಡಳು. ದೊಡ್ಡ ಚೀಲದಲ್ಲಿ ಕೀಲಿಗೆ ಕೈಯಾಡಿಸುವವಳ ಹಾಗೆ ಒಳಗೆಲ್ಲ ತಡಕಿದಳು. ಇಟ್ಟುಕೊಳ್ಳಬೇಕೆಂಬ ಆಸೆ ಸಿಗಲಿಲ್ಲ. ಕಳಿಸಬೇಕೆಂಬ ಆಸೆಯೂ ಸಿಗಲಿಲ್ಲ. ದುಃಖವಾದರೂ ಇರಬಹುದೆಂದು ನೋಡಿದಳು. ಚೀಲದ ತಳದ ಬಟ್ಟೆ ಕೈಗೆ ತಾಗಿತು, ಅಷ್ಟೇ.

ಬಾಚಣಿಗೆ ಕೆಳಗಿಟ್ಟಳು. ಕಣ್ಣು ಮುಚ್ಚಿ, ಎರಡೂ ಕಿವಿಗಳಿಗೆ ಬೆರಳು ಒತ್ತಿಕೊಂಡಳು. ಇದನ್ನು ಒಂದು ದಿನ ಮಾಡಿ ನೋಡಬೇಕೆಂದು ಮೊದಲಿನಿಂದಲೂ ಅಂದುಕೊಂಡಿದ್ದಳು, ಸುಣ್ಣನಿಗೆ ಹೇಗಿರುತ್ತದೆ ಎಂದು ತಿಳಿಯಲು. ಭಯವಾಗಬಹುದು, ಉಸಿರು ಕಟ್ಟಬಹುದು, ಸಾಕು ಸಾಕೆನಿಸಿ ಕಣ್ಣು ಬಿಟ್ಟುಬಿಡಬಹುದು ಎಂದು ಹೆದರಿ ಮುಂದೂಡಿದ್ದಳು.

ಹಾಗೇನೂ ಆಗಲಿಲ್ಲ. ಬೀದಿಯ ಸದ್ದು ಹೋಯಿತು. ಫ್ಯಾನಿನ ಸದ್ದು ಹೋಯಿತು. ಒಂದು ಮಂದ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯಿತು. ಹೊಸದು ಅನ್ನಿಸುವಂಥದ್ದು ಒಂದೂ ಇರಲಿಲ್ಲ. ಈ ಜಾಗ ಅವಳಿಗೆ ಗೊತ್ತಿತ್ತು. ಇಲ್ಲಿ ಕೂತೇ ಅವಳು ತಿಂಡಿ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಗಂಡನಿಗೆ ಹೂಂ ಎನ್ನುತ್ತಿದ್ದಳು, ಮಣ್ಣಿನ ಪದರಗಳನ್ನು ಹೆಸರಿಸಿ ಎಂದು ಬರೆಯುತ್ತಿದ್ದಳು. ಇಲ್ಲಿ ಹಾಯಾಗಿತ್ತು. ಹಾಯಾಗಿದೆಯಲ್ಲ ಎಂಬುದಕ್ಕೆ ಮಾತ್ರ ಸ್ವಲ್ಪ ಭಯವಾಯಿತು.

ಭುಜದ ಮೇಲೆ ಕೈ ಬಿದ್ದು ಬೆಚ್ಚಿದಳು.

ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. "ಏನ್ ಮಾಡ್ತಿದ್ಯಾ ಅಮ್ಮಾ? ಎಷ್ಟ್ ಸಲ ಕರೆದೆ."

"ಏನಿಲ್ಲ ಕಂದ. ತಲೆನೋವು."

"ಹೂಂ," ಎಂದಳು ಮಗಳು. ನಂಬಿದ ಹಾಗೆ ಕಾಣಲಿಲ್ಲ. ಜಗಳವಾಡುವ ಹಾಗೂ ಕಾಣಲಿಲ್ಲ. ಈ ಹೂಂ ಎಲ್ಲಿಂದ ಕಲಿತಳೆಂದು ಅವಳಿಗೆ ಗೊತ್ತಿತ್ತು.

ಹೊರಡುವ ಹೊತ್ತು ಹತ್ತಿರವಾಗುತ್ತಿದ್ದಂತೆ ಗಂಡನಿಗೆ ಫೋನ್ ಮಾಡಿದಳು. ಯಾಕೆ ಮಾಡಿದೆ ಎಂದು ಅವನು ಕೇಳಲಿಲ್ಲ. ಅತ್ತ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು. ಇನ್ನೊಮ್ಮೆ ಯೋಚನೆ ಮಾಡಿದಿರಾ ಎಂದು ಕೇಳಿದಳು. ಮಾಡಿದೆ ಎಂದ. ಏನು ಎಂದಳು. ನೀನು ಹೇಳಿದ ಹಾಗೇ ಎಂದ. ತಾನು ಏನನ್ನು ಹೇಳಿದ್ದೆ ಎಂದು ಅವಳು ನೆನಪು ಮಾಡಿಕೊಳ್ಳಲು ನೋಡಿದಳು.

"ಮಗಳು ಏನಂತಾಳೆ?"

"ಅವಳನ್ನ ಕೇಳಿಲ್ಲ."

"ಕೇಳು ಮತ್ತೆ."

"ಕೇಳಿದ್ರೆ ಇಟ್ಕೊಳ್ಳೋಣ ಅಂತಾಳೆ."

"ಹಾಗಾದ್ರೆ ಕೇಳ್ಬೇಡ," ಎಂದ. ಆಮೇಲೆ, ಬಹಳ ಮೆಲ್ಲಗೆ, ಬೆಳಿಗ್ಗೆ ನಾನು ಹೊರಡುವಾಗ ಇವತ್ತೇ ಕೊನೆ ಎಂದು ತಟ್ಟಲಿಲ್ಲ, ದಿನದ ಹಾಗೇ ತಟ್ಟಿಬಿಟ್ಟೆ, ಎಂದ. ಅದು ಕೇಳಿದ ಹಾಗೂ ಇತ್ತು, ಹೇಳಿದ ಹಾಗೂ ಇತ್ತು. ಅಷ್ಟರಲ್ಲಿ ಅವನನ್ನು ಯಾರೋ ಕರೆದರು. ಫೋನ್ ಇಟ್ಟ.

ಟ್ಯಾಕ್ಸಿಯಲ್ಲಿ ಸುಣ್ಣ ಇಬ್ಬರ ನಡುವೆ ಕೂತು ಕಿಟಕಿಯ ಗಾಳಿಗೆ ಮೂಗೊಡ್ಡಿತ್ತು. ಅದಕ್ಕೆ ಖುಷಿಯಾಗಿತ್ತು. ಮಗಳು ದಾರಿಯುದ್ದಕ್ಕೂ ಅದರ ಒಂದು ಕಿವಿಯನ್ನು ಮಡಿಸುತ್ತ ಬಿಡಿಸುತ್ತ ಇದ್ದಳು.

ಹಲ್ಲಿನ ಡಾಕ್ಟರ ಮನೆಯಲ್ಲಿ ತಪ್ಪು ಹುಡುಕಲು ಅವಳು ಮಾಡಿದ ಪ್ರಯತ್ನ ಫಲಿಸಲಿಲ್ಲ. ಗೇಟಿಗೆ ಚಿಲಕವಿತ್ತು. ಅಂಗಳದ ಸುತ್ತ ಗೋಡೆಯಿತ್ತು. ಬಾವಿಯಾಗಲಿ ಗುಂಡಿಯಾಗಲಿ ಇರಲಿಲ್ಲ. ಮೇಜಿನ ಮೂಲೆಗಳಿಗೆ ಆಗಲೇ ಹಳೆಯ ಕಾಲುಚೀಲಗಳನ್ನು ಸುತ್ತಿ ಕಟ್ಟಿದ್ದರು. ನೆಲಕ್ಕೆ ಮರದ ಹಲಗೆ ಹಾಸಿತ್ತು. ಸುಣ್ಣನನ್ನು ಕರೆಯುವುದು ಕಾಲಿನಿಂದ ನೆಲ ತಟ್ಟಿ. ತಮ್ಮ ಮನೆಯ ಕಲ್ಲುನೆಲದಲ್ಲಿ ಜೋರಾಗಿ ಗುದ್ದಬೇಕಾಗುತ್ತಿತ್ತು, ಕೆಳಗಿನ ಮನೆಯವರು ಮುನಿಸಿಕೊಳ್ಳುತ್ತಿದ್ದರು. ಇಲ್ಲಿ ಅವಳು ಕಾಲಿನ ಹೆಬ್ಬೆರಳಿನಿಂದ ಒಮ್ಮೆ ಒತ್ತಿದ್ದೇ ತಡ, ಕೋಣೆಯ ಆ ತುದಿಯಲ್ಲಿದ್ದ ಸುಣ್ಣ ತಲೆಯೆತ್ತಿ ನೆಟ್ಟಗೆ ಅವಳ ಕಡೆ ಬಂತು.

"ನೋಡ್ದೆಯಾ ಅಕ್ಕಾ," ಎಂದರು ಡಾಕ್ಟರು. ಬೋಳುತಲೆಯ, ದುಂಡಗಿನ ಮನುಷ್ಯ. "ನೀನು ಇಡೀ ದಿನ ಕೂಗಾಡಿದ್ರೂ ನಾನು ಬರಲ್ಲ. ಇವನು ಕಾಲ್ಬೆರಳಿಗೇ ಬರ್ತಾನೆ."

"ನಿನಗೂ ಕಾಲಲ್ಲೇ ಹೇಳ್ಬೇಕಿತ್ತು, ಚಿಕ್ಕೋನಿದ್ದಾಗಲೇ," ಎಂದಳು ಅಕ್ಕ. ಅವಳು ತಮ್ಮನಿಗಿಂತ ಉದ್ದ, ತಮ್ಮನಿಗಿಂತ ತೆಳ್ಳಗೆ. ಆಗಲೇ ನೆಲದ ಮೇಲೆ ಕೂತುಬಿಟ್ಟಿದ್ದಳು.

ಅವಳು ಅಕ್ಕ ತಮ್ಮ ಇಬ್ಬರಿಗೂ ಒಂದೊಂದೇ ಸನ್ನೆಯನ್ನು ತೋರಿಸಿಕೊಟ್ಟಳು. ಡಾಕ್ಟರು ಎಲ್ಲವನ್ನೂ ಬೆರೆಸಿಬಿಟ್ಟರು. ಗದ್ದ ಮುಟ್ಟಬೇಕಾದಲ್ಲಿ ಹಣೆ ಮುಟ್ಟಿದರು, ಸುಣ್ಣ ಬಿಗಿದು ನಿಂತುಕೊಂಡಿತು. ನನ್ನ ಹತ್ತಿರ ಬರೋರು ಬಾಯಿ ತೆರೀತಾರೆ, ನನಗೆ ಅಷ್ಟೇ ಗೊತ್ತು, ಎಂದು ನಕ್ಕರು. ಅಕ್ಕ ನಗಲಿಲ್ಲ. ಕಣ್ಣು ಮುಚ್ಚಿಕೊಂಡು ಎಲ್ಲ ಸನ್ನೆಗಳನ್ನೂ ಮತ್ತೆ ಮಾಡಿದಳು. ಒಂದೂ ತಪ್ಪಲಿಲ್ಲ. ಸುಣ್ಣ ಅವಳ ಮೊಣಕೈಯನ್ನು ಮೂಸಿ, ತೊಡೆಯ ಪಕ್ಕದಲ್ಲಿ ಮೈಚಾಚಿತು.

ಇಷ್ಟು ಬೇಗ, ಎಂದುಕೊಂಡಳು ಅವಳು. ಮಗಳ ಕಡೆ ನೋಡಲಿಲ್ಲ.

"ನಿಮಗೇ ಇಟ್ಕೋಬೇಕು ಅನ್ನಿಸಲಿಲ್ವಾ?" ಎಂದಳು ಅಕ್ಕ. ಹಗುರವಾಗಿ ಕೇಳಿದ್ದಲ್ಲ. ಕಣ್ಣು ಬಿಟ್ಟು ನೇರವಾಗಿ ನೋಡುತ್ತಿದ್ದಳು. "ಒಂದು ಮಾತು ಹೇಳಿ. ನಮಗೇನೂ ಬೇಜಾರಿಲ್ಲ. ಒಂದು ವರ್ಷ ಅಂದ್ರೆ ಸುಮ್ನೆ ಅಲ್ಲ."

ಡಾಕ್ಟರು ಕೂಡ ನಗು ನಿಲ್ಲಿಸಿ ಕಾಯುತ್ತಿದ್ದರು. ಮಗಳು ಉಸಿರು ಹಿಡಿದದ್ದು ಅವಳಿಗೆ ಕೇಳಿಸಿತು. ಹೌದು ಎಂದರೆ ಸಾಕು. ಹೌದು ಎಂದು ಬಾಯಿ ಹೇಳಿದ ಮೇಲೆ ಮನಸ್ಸು ನಿಧಾನವಾಗಿ ಹಿಂದೆ ಬರಲೂಬಹುದು, ಎಷ್ಟೋ ವಿಷಯದಲ್ಲಿ ಹಾಗೆ ಬಂದಿದೆ. ಟ್ಯಾಕ್ಸಿ ಹಿಡಿದು ವಾಪಸು ಹೋದರೆ ಗಂಡ ಏನೂ ಕೇಳದೆ ಅದರ ತಟ್ಟೆ ತೊಳೆದಿಡುತ್ತಾನೆ.

"ನಮ್ಮ ಮನೇಲಿ ಜಾಗ ಸಾಲಲ್ಲ," ಎಂದಳು.

ಎಷ್ಟು ಚೆನ್ನಾಗಿ ಹೇಳಿದಳೆಂದರೆ ಅವಳಿಗೇ ಒಂದು ಕ್ಷಣ ತನ್ನ ಮನೆ ಇಕ್ಕಟ್ಟಾಗಿ ಕಂಡಿತು. ಮಗಳು ಉಸಿರು ಬಿಟ್ಟಳು.

"ಹೋಗಲಿ ಬಿಡಿ," ಎಂದಳು ಅಕ್ಕ. "ಇನ್ನೇನು ಉಳೀತು? ಹೊರಗೆ ಹೋಗುವಾಗ ಅದಕ್ಕೆ ಏನು ಹೇಳ್ತೀರ?"

ಪಕ್ಕೆಗೆ ತಟ್ಟುವುದನ್ನು ಅವಳು ಬಾಯಲ್ಲೇ ವಿವರಿಸಿದಳು, ಮಾಡಿ ತೋರಿಸಲಿಲ್ಲ. ಊರಿಗೆ ಹೋದಾಗ ಆದದ್ದನ್ನೂ ಹೇಳಿದಳು. ಬರುವುದಿಲ್ಲ ಎನ್ನುವುದಕ್ಕೆ ಸನ್ನೆ ಇಲ್ಲವೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದಳು. ಅಂಥದ್ದೊಂದು ಬೇಕಾಗುತ್ತದೆ ಎಂದು ಆಗ ತೋಚಿರಲಿಲ್ಲ.

"ಹಾಗಾದ್ರೆ ಇವತ್ತು ತಟ್ಟಬೇಡಿ," ಎಂದಳು ಅಕ್ಕ. "ಅದು ಊಟ ಬಿಟ್ಟು ಬಾಗಿಲಲ್ಲಿ ಬಿದ್ಕೊಂಡ್ರೆ ನೋಡೋಕಾಗಲ್ಲ. ನಿಮ್ಮ ಮೈಮೇಲಿಂದು ಏನಾದ್ರೂ ಒಂದು ಇಲ್ಲೇ ಬಿಟ್ಟುಹೋಗಿ, ವಾಸನೆ ಇರಲಿ. ಸುಮ್ನೆ ಎದ್ದು ಹೋಗಿಬಿಡಿ. ನಾಲ್ಕು ದಿನದಲ್ಲಿ ನಮಗೆ ಹೊಂದ್ಕೊಳ್ಳುತ್ತೆ."

ಅದೇ ಸರಿ. ಆಶ್ರಯದವರೂ ಅದನ್ನೇ ಹೇಳುತ್ತಿದ್ದರು. ಅವಳು ಸ್ವೆಟರ್ ಬಿಚ್ಚಿದಳು. ಬೆಳಗಿನಿಂದ ಮೈಮೇಲಿದ್ದದ್ದು, ಅಡುಗೆಮನೆಯ ವಾಸನೆ, ಬೆವರು, ಬಾಚುವಾಗ ಅಂಟಿದ ಬಿಳಿ ಕೂದಲು ಎಲ್ಲ ಅದರಲ್ಲಿದ್ದವು. ಉಂಡೆ ಮಾಡಿ ಸುಣ್ಣನ ಮುಂಗಾಲುಗಳ ನಡುವೆ ಇಟ್ಟಳು. ಸುಣ್ಣ ಅದರೊಳಗೆ ಮೂಗು ತೂರಿಸಿ, ನಿಟ್ಟುಸಿರು ಬಿಟ್ಟು, ತಲೆ ಊರಿ ಮಲಗಿತು. ಅವಳೇ ಪಕ್ಕದಲ್ಲಿ ಕೂತಿದ್ದಾಗ ಮಲಗುತ್ತಿದ್ದದ್ದು ಹೀಗೆಯೇ.

ಮಗಳು ಕೊನೆಯ ಸಲ ಬಾಗಿದಳು. ಅವಳ ಕೈ ಬೆನ್ನಿನ ಮೇಲಿನಿಂದ ನಿಧಾನವಾಗಿ ಕೆಳಗಿಳಿದು ಪಕ್ಕೆಯ ಹತ್ತಿರ ಬಂತು. ಬೆರಳುಗಳು ಒಟ್ಟಾದವು.

ಅವಳು ಆ ಮಣಿಕಟ್ಟನ್ನು ಹಿಡಿದುಕೊಂಡಳು. ಬಿಗಿಯಾಗಿ ಏನೂ ಅಲ್ಲ. ಬೇಕಿದ್ದರೆ ಮಗಳು ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ. ಕೈಯನ್ನು ಹಾಗೇ ಅಮ್ಮನ ಕೈಯಲ್ಲಿ ಬಿಟ್ಟಳು, ಯಾರದೋ ವಸ್ತುವನ್ನು ವಾಪಸು ಕೊಡುವ ಹಾಗೆ.

ಬಾಗಿಲಿಗೆ ಹೋಗುವುದು ಸುಲಭವಾಗಿರಲಿಲ್ಲ. ಹಲಗೆಯ ನೆಲ ಒಂದೊಂದು ಹೆಜ್ಜೆಯನ್ನೂ ಅದಕ್ಕೆ ತಲುಪಿಸುತ್ತಿತ್ತು. ಅಕ್ಕ ಸುಣ್ಣನ ಬೆನ್ನ ಮೇಲೆ ಕೈಯಿಟ್ಟು, ಕಣ್ಣಿನಲ್ಲೇ ಹೊರಡಿ ಎಂದಳು. ತಾಯಿ ಮಗಳಿಬ್ಬರೂ ತುದಿಗಾಲಲ್ಲಿ, ಗೋಡೆಯ ಅಂಚು ಹಿಡಿದು, ನೆಲ ಗಟ್ಟಿಯಿದ್ದಲ್ಲಿ ಮಾತ್ರ ಕಾಲೂರುತ್ತ ನಡೆದರು. ಡಾಕ್ಟರು ಮುಂದೆ ಹೋಗಿ ಬಾಗಿಲು ತೆಗೆದು ಹಿಡಿದಿದ್ದರು. ಆ ದುಂಡಗಿನ ಮನುಷ್ಯನೂ ಉಸಿರು ಬಿಗಿಹಿಡಿದು ನಿಂತಿದ್ದ. ಏನನ್ನೂ ಕದ್ದಿರಲಿಲ್ಲ. ನಡಿಗೆ ಮಾತ್ರ ಕಳ್ಳರದೇ. ಹೊಸ್ತಿಲು ದಾಟಿ ತಿರುಗಿ ನೋಡಿದಳು. ಸ್ವೆಟರಿನೊಳಗೆ ಮುಖವಿಟ್ಟ ಸುಣ್ಣನ ಬಾಲ ಒಮ್ಮೆ ನೆಲಕ್ಕೆ ಬಡಿಯಿತು, ಆರಾಮಾಗಿ.

ಡಾಕ್ಟರು ಗೇಟಿನ ತನಕ ಬಂದರು. ಯಾವಾಗ ಬೇಕಾದರೂ ಬಂದು ನೋಡಿ ಎಂದರು. ಬರುತ್ತೇವೆ ಎಂದಳು. ಬರಬಾರದೆಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ನಿಲ್ದಾಣದಲ್ಲಿ ಕಾಯುವ ಪ್ರಮೇಯ ಬರಲಿಲ್ಲ. ಅವರ ಕಡೆಗೆ ಹೋಗುವ ಬಸ್ಸು ಒಳಗೆ ದೀಪ ಹಚ್ಚಿಕೊಂಡು, ಎಂಜಿನ್ ಗುರುಗುಟ್ಟುತ್ತ ನಿಂತಿತ್ತು. ಬಾಗಿಲ ಹತ್ತಿರ ಇಬ್ಬರ ಸೀಟು ಖಾಲಿಯಿತ್ತು. ಮಗಳು ಕಿಟಕಿಯ ಪಕ್ಕ ಕೂತಳು. ಹೊರಗೆ ಕತ್ತಲಾಗುತ್ತಿತ್ತು. ಸ್ವೆಟರ್ ಇಲ್ಲದೆ ತೋಳುಗಳು ಸಣ್ಣಗೆ ಚಳಿಗುಟ್ಟಿದವು.

ಈಗ ಕೇಳುತ್ತಾಳೆ ಎಂದುಕೊಂಡಳು. ಅಲ್ಲಿ ದೊಡ್ಡ ಅಂಗಳ ಇದೆ ಕಂದ. ಇಬ್ಬರು ಮನೆಯಲ್ಲೇ ಇರ್ತಾರೆ. ಉತ್ತರ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಜಾಗ ಸಾಲಲ್ಲ ಅಂತ ಸುಳ್ಳು ಹೇಳ್ದೆಯಲ್ಲ ಎಂದು ಕೇಳಿದರೆ? ಅದಕ್ಕೂ ಒಂದು ಉತ್ತರ ಹೊಂದಿಸಬೇಕು. ದೊಡ್ಡವರು ಕೆಲವು ಸಲ. ಅಲ್ಲಿಗೇ ನಿಂತಿತು.

ಡ್ರೈವರು ಫೋನ್ ಕಿವಿಗೆ ಹಚ್ಚಿಕೊಂಡು ತನ್ನ ಬಾಗಿಲಿನಿಂದ ಕೆಳಗಿಳಿದ. ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ತಳ್ಳಿದ. ರಸ್ತೆ ದಾಟಿದ. ಎದುರಿನ ಸಾಲು ಅಂಗಡಿಗಳ ಮುಂದೆ ಸ್ವಲ್ಪ ದೂರ ನಡೆದು, ಒಂದು ತಿರುವಿನಲ್ಲಿ ಕಾಣದಾದ. ಎಂಜಿನ್ನನ್ನು ಆರಿಸಿರಲಿಲ್ಲ.

ಬಸ್ಸಿನೊಳಗೆ ಯಾರೂ ತಲೆಯೆತ್ತಲಿಲ್ಲ. ಸೀಟುಗಳು ಒಂದೇ ಸಮನೆ ನಡುಗುತ್ತಿದ್ದವು. ಎಲ್ಲರ ಮುಖವೂ ಮುಂದಕ್ಕಿತ್ತು. ಎಲ್ಲರ ಹೆಗಲುಗಳೂ ಆ ನಡುಕಕ್ಕೆ ಸಣ್ಣಗೆ ಅಲ್ಲಾಡುತ್ತಿದ್ದವು, ದೂರದ ದಾರಿ ಸಾಗುತ್ತಿದ್ದವರ ಹಾಗೆ. ಸೀಟು ಸಿಗದ ಒಬ್ಬರು ಮುದುಕರು ಮೇಲಿನ ಸರಳನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಬೀಳದಂತೆ ಕಾಲಗಲಿಸಿ ನಿಂತಿದ್ದರು. ಮುಂದೆ ಖಾಲಿ ಸೀಟಿನ ಎದುರು ಸ್ಟೀರಿಂಗ್ ತನ್ನಷ್ಟಕ್ಕೆ ಅದುರುತ್ತಿತ್ತು.

ಮಗಳು ಆ ಖಾಲಿ ಸೀಟನ್ನು ನೋಡಿದಳು. ಸರಳು ಹಿಡಿದ ಮುದುಕರನ್ನು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. ಬೆಳಗಿನಿಂದ ತೆರೆದು ತೆರೆದು ಮುಚ್ಚಿದ ಬಾಯಿ ಈ ಸಲ ಮುಚ್ಚಲಿಲ್ಲ.

"ಅಮ್ಮಾ, ನಾವಿನ್ನೂ ಅಲ್ಲೇ ಪಕ್ಕದಲ್ಲಿ ಕೂತಿದೀವಿ ಅಂತ ಸುಣ್ಣ ಅಂದ್ಕೊಂಡಿರ್ತಾನಾ?"